ಏನೇನು ಕೊಟ್ಟಿದ್ದೀರಿ?

ಬಾಣಂತಿಯ ತವರು ಬೆಳ್ತಂಗಡಿ ತಾಲೂಕಿನಲ್ಲಿ, ಗಂಡನ ಮನೆ ಮೂಡುಬಿದಿರೆಯ ಕಡೆ, ಗಂಡನ ಕೆಲಸ ಬಿ.ಸಿ.ರೋಡಿನಲ್ಲಿ. ಈ ಪ್ರಕರಣದಲ್ಲಿ ಕೆಟ್ಟವರು ಯಾರೂ ಇಲ್ಲ. ಪೂರ್ತಿ ನಿರ್ದೋಷಿಗಳೂ ಇಲ್ಲ. ಆದ್ದರಿಂದ ಯಾರ ಹೆಸರೂ ಬೇಡ.

ಮಗುವಿಗೆ ಐದು ವಾರ; ತಾಯಿಯ ಹಾಲು ಬಿಟ್ಟರೆ ಬೇರೇನೂ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳು ಶುರುವಾದರೆ ಒಂಬತ್ತರವರೆಗೂ ನಿಲ್ಲದು. ಮೂರು ನಾಲ್ಕು ದಿನಕ್ಕೊಮ್ಮೆ ಕಕ್ಕ. ಬೆಳ್ತಂಗಡಿಯ ಮಕ್ಕಳ ಡಾಕ್ಟರು ತೂಕ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ತೂಕ ಚೆನ್ನಾಗಿ ಏರುತ್ತಿದೆ. ಇಂಥ ಅಳು ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಮಲ ಮೆತ್ತಗಿದ್ದರೆ ದಿನ ತಪ್ಪಿದರೂ ಹೆದರಬೇಕಾಗಿಲ್ಲ. ಹಸಿರು ವಾಂತಿ, ಮಲದಲ್ಲಿ ರಕ್ತ, ಜ್ವರ ಕಂಡರೆ ಮಾತ್ರ ತಕ್ಷಣ ಬನ್ನಿ ಎಂದರು. ಔಷಧ ಬರೆಯಲಿಲ್ಲ.

ಅಂದು ರಾತ್ರಿ ಅತ್ತೆ ಫೋನಿನಲ್ಲಿ ಕೇಳಿದ್ದು: “ಎಂತ ಡಾಕ್ಟ್ರು ಅದು, ಫೀಸು ತೆಗೊಂಡು ಬರೀ ಮಾತು ಹೇಳಿ ಕಳಿಸಿದ್ದಾ?”

ಆಮೇಲೆ ಒಂದೊಂದೇ ಸೇರಿಕೊಂಡಿತು. ತವರಿನ ಅಜ್ಜಿ ಬಜೆ ತೇದು ನೆಕ್ಕಿಸಿದರು. ಗಂಡ ಮೆಡಿಕಲ್‌ನವನ ಮಾತು ಕೇಳಿ ಬಿ.ಸಿ.ರೋಡಿನಿಂದ ಪ್ರೋಬಯಾಟಿಕ್ ವಯಲ್‌ಗಳ ಪೆಟ್ಟಿಗೆ ತಂದ. ಒಂದೊಂದರಲ್ಲಿ ಇನ್ನೂರು ಕೋಟಿ ಒಳ್ಳೆಯ ಬ್ಯಾಕ್ಟೀರಿಯಾ ಎಂದು ಕೇಳಿದರೆ ಯಾವ ಅಪ್ಪನಿಗೆ ಧೈರ್ಯ ಬರದು? ಬೆಳಿಗ್ಗೆ ಅರ್ಧ ಕುಡಿಸಿ, ಕತ್ತು ತಿರುಚಿ ತೆರೆದ ಆ ಪ್ಲಾಸ್ಟಿಕ್ ವಯಲನ್ನು ಸ್ಟೀಲ್ ಲೋಟದೊಳಗೆ ಒರಗಿಸಿ, ಉಳಿದದ್ದನ್ನು ಸಂಜೆಗೆಂದು ಇಡುತ್ತಿದ್ದರು. ನಡುವೆ ಮಗುವನ್ನು ಮೂಡುಬಿದಿರೆಗೆ ಕರೆದೊಯ್ದಾಗ ಅತ್ತೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಏನಾದರೂ ಬರೆಯಿರಿ ಎಂದು ಪಟ್ಟು ಹಿಡಿದರು. ಅವರು ಬೇರೆ ಪ್ರೋಬಯಾಟಿಕ್‌ನ ಡ್ರಾಪ್ಸ್ ಬರೆದರು. ಮೊದಲಿನ ವಯಲಿನ ಸುದ್ದಿಯನ್ನು ಅವರಿಗೆ ಯಾರೂ ಹೇಳಲಿಲ್ಲ.

ಏಳನೇ ವಾರ ಬಂಟ್ವಾಳದ ನೆಂಟರ ಮನೆಯ ಪೂಜೆಗೆ ಎರಡೂ ಕಡೆಯವರು ಸೇರಿದ್ದಾಗ ಮಗುವಿಗೆ ಭೇದಿ ಹಿಡಿಯಿತು. ರಾತ್ರಿ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಹಾಲು ಬಿಟ್ಟು ಏನೇನು ಕೊಟ್ಟಿದ್ದೀರಿ?”

“ಹಾಲು ಮಾತ್ರ ಡಾಕ್ಟ್ರೇ,” ಎಂದರು ಬಜೆಯ ಅಜ್ಜಿ. “ನಾವು ಎಂತದೂ ಕೊಡ್ಲಿಲ್ಲ,” ಎಂದರು ಡ್ರಾಪ್ಸ್ ಬರೆಸಿದ ಅತ್ತೆ. ವಯಲ್ ತಂದ ಗಂಡ ಗೋಡೆಯ ಲಸಿಕೆ ಪಟ್ಟಿ ಓದುತ್ತ ನಿಂತ. ಎಲ್ಲವನ್ನೂ ಬಲ್ಲವಳು ತಾಯಿ ಒಬ್ಬಳೇ. ತವರು ಮತ್ತು ಅತ್ತೆಮನೆ ಎದುರುಬದುರು ನಿಂತಿರುವಲ್ಲಿ ಅವಳು ಬಾಯಿ ಬಿಡಲಿಲ್ಲ. ರಕ್ತಪರೀಕ್ಷೆಗೆ ಸೂಜಿ ಚುಚ್ಚಿದರು, ರಾತ್ರಿ ಉಳಿಸಿಕೊಂಡರು. ನಡುರಾತ್ರಿ ಬಟ್ಟೆ ಬದಲಿಸಲು ಬಂದ ನರ್ಸಿನ ಬಳಿ, ಬೇರೆ ಯಾರೂ ಇಲ್ಲದಾಗ, ಅವಳು ಎಲ್ಲವನ್ನೂ ಹೇಳಿದಳು.

ತಾಯಿಯ ಹಾಲು ಮುಂದುವರಿಸಿ, ಓಆರ್‌ಎಸ್ ಕೊಟ್ಟರು; ಭೇದಿ ನಿಂತಿತು. ಕಾರಣ? ತೆರೆದಿಟ್ಟ ವಯಲೋ, ತೇಯುವ ಕಲ್ಲೋ, ಚಮಚವೋ, ಯಾವುದೋ ವೈರಸ್ಸೋ. ಮೂರು ಕೈಗಳು ಒಟ್ಟಿಗೆ ಕೊಟ್ಟ ಮೇಲೆ ಒಂದನ್ನು ಬೇರ್ಪಡಿಸಿ ಹೇಳಲು ಯಾವ ಡಾಕ್ಟರಿಗೂ ಸಾಧ್ಯವಿರಲಿಲ್ಲ.

ಪ್ರೋಬಯಾಟಿಕ್ ಎಂಬುದೇ ಮೋಸ ಎಂದು ತೀರ್ಪು ಕೊಟ್ಟು ಏಳುವಂತಿಲ್ಲ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಬಗೆಯ ಲ್ಯಾಕ್ಟೋಬ್ಯಾಸಿಲಸ್ಸನ್ನು ಏಳು ದಿನ ಕೊಟ್ಟಾಗ ನಂಜು ಮತ್ತು ಸಾವು ಸೇರಿ ಶೇ 40ರಷ್ಟು ಇಳಿದವು. ತಾಯಿಯ ಹಾಲು ಮಾತ್ರ ಕುಡಿಯುವ ಮಕ್ಕಳ ಸಂಜೆಯ ಅಳುವಿಗೆ ಲ್ಯಾಕ್ಟೋಬ್ಯಾಸಿಲಸ್ ರೂಟರಿಯ ಡಿಎಸ್‌ಎಂ 17938 ಎಂಬ ತಳಿ ಕೆಲಮಟ್ಟಿಗೆ ಉಪಯೋಗ ಎಂಬುದಕ್ಕೂ ಆಧಾರವಿದೆ. ಮೂಡುಬಿದಿರೆಯಲ್ಲಿ ಬರೆದದ್ದು ಅದನ್ನೇ. ವಿಜ್ಞಾನ ಇಲ್ಲಿ ಸ್ವಲ್ಪ ಅತ್ತೆಯ ಕಡೆಗೇ ವಾಲುತ್ತದೆ. ಆದರೆ ಒಂದು ತಳಿಯ ಗುಣ ಇನ್ನೊಂದಕ್ಕಿಲ್ಲ, ಒಂದು ಕಾಯಿಲೆಯ ಮದ್ದು ಇನ್ನೊಂದಕ್ಕಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಇವು ಅಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಸಿದ್ದೂ ಇದೆ. ತಳಿಯ ಪೂರ್ತಿ ಹೆಸರು, ಅವಧಿ ಮುಗಿಯುವ ದಿನಕ್ಕೆ ಎಷ್ಟು ಜೀವಾಣು ಉಳಿದಿರುತ್ತವೆ, ಎಲ್ಲಿಡಬೇಕು ಎಂಬುದು ಲೇಬಲ್ ಮೇಲೆ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2011ರ ಮಾರ್ಗಸೂಚಿ ಹೇಳುತ್ತದೆ. ಗಂಡ ಪೆಟ್ಟಿಗೆಯ ಮೇಲೆ ಓದಿದ್ದು ಬೆಲೆಯನ್ನು. ಅದಕ್ಕಾಗಿ ಅವನನ್ನು ಬೈಯುವುದು ಸುಲಭ. ಅಕ್ಷರಗಳು ಸಾಸಿವೆಗಿಂತ ಸಣ್ಣವು.

ಲೇಬಲ್ ಓದದ ತಪ್ಪು ಸಣ್ಣದು. ನನ್ನನ್ನು ಕಾಡುವುದು ಆಸ್ಪತ್ರೆಯ ಆ ಪ್ರಶ್ನೆ. ಕೊಡುವಾಗ ಮೂವರಿಗೂ ಕೈ ನಡುಗಲಿಲ್ಲ, ಕೊಟ್ಟೆ ಎನ್ನುವಾಗ ನಾಲಿಗೆ ಹೊರಳಲಿಲ್ಲ. ಮದ್ದಿನಲ್ಲಿ ಅವರಿಗೆ ನಂಬಿಕೆ ಇತ್ತೆಂದಾದರೆ ಮುಚ್ಚಿಡುವುದೇಕೆ? ಆ ಬಾಟಲಿಗಳು ಬಂದದ್ದು ಮಗುವಿನ ಹೊಟ್ಟೆಗಿಂತ ಹೆಚ್ಚಾಗಿ ದೊಡ್ಡವರ ಸಮಾಧಾನಕ್ಕೆ, ಮೊಮ್ಮಗುವಿಗಾಗಿ ನಮ್ಮ ಕಡೆಯಿಂದಲೂ ಏನೋ ಆಯಿತು ಎಂಬುದಕ್ಕೆ. ಮೊದಲ ಡಾಕ್ಟರು ಫೀಸಿಗೆ ತಕ್ಕ ಕೆಲಸವನ್ನೇ ಮಾಡಿದ್ದರು: ನೋಡಿದರು, ತೂಗಿದರು, ಬೇಡವೆಂದರು. ಆ ‘ಬೇಡ’ಕ್ಕೆ ಬೆಲೆ ಕಟ್ಟಲು ನಮ್ಮಲ್ಲಿ ಎಷ್ಟು ಮಂದಿಗೆ ಬರುತ್ತದೆ? ಬರುವುದಿಲ್ಲವೆಂದು ಗೊತ್ತಿದ್ದೇ ಎರಡನೆಯವರು ಬರೆದರು. ಬರೆಯದಿದ್ದರೆ ಮೂರನೆಯವರ ಬಳಿ ಹೋಗುತ್ತಾರೆಂಬ ಅವರ ಲೆಕ್ಕ ತಪ್ಪಲ್ಲ. ಮೊದಲೇ ಏನು ಕೊಡುತ್ತಿದ್ದೀರಿ ಎಂದು ಕೇಳದೆ ಬರೆದದ್ದು ತಪ್ಪು. ತಾಯಿಯ ಮೌನವನ್ನು ಮಾತ್ರ ತೂಗಲು ನನ್ನ ಬಳಿ ತಕ್ಕಡಿಯಿಲ್ಲ. ಅವಳ ಮಾತಿಗೆ ಜಾಗವೇ ಇಲ್ಲದಂತೆ ಸುತ್ತ ನಿಂತವರು ಆಮೇಲೆ ಅವಳನ್ನೇ ಕೇಳಿದ್ದು, ನೀನಾದರೂ ಹೇಳಬಾರದಿತ್ತಾ ಎಂದು.

ಮಗುವಿಗೀಗ ಐದು ತಿಂಗಳು. ಸಂಜೆಯ ಅಳು ನಾಲ್ಕನೇ ತಿಂಗಳಿಗೇ ಇಳಿಯಿತು, ಮೊದಲ ಡಾಕ್ಟರು ಹೇಳಿದಂತೆ. ಬಜೆಯಿಂದ ಎನ್ನುತ್ತಾರೆ ತವರಿನವರು, ಡ್ರಾಪ್ಸಿನಿಂದ ಎನ್ನುತ್ತಾರೆ ಅತ್ತೆ. ಗಂಡನ ಫೋನಿನಲ್ಲಿರುವ ವಯಲಿನ ಪೆಟ್ಟಿಗೆಯ ಫೋಟೊ, ಮೊನ್ನೆ ತಾನೇ ಅಪ್ಪನಾದ ಅವನ ಸಹೋದ್ಯೋಗಿಗೆ ಹೋಗಿದೆ.