ಸತ್ತವರು ಎದ್ದು ಬಂದರೆ

ಯುಗಾದಿಗೆ ಊರಿಗೆ ಹೋದಾಗ ಬ್ಯಾಗಿನಲ್ಲಿ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಇತ್ತು. ಹೊಂಬಳದ ಗುಡಿ ಕಟ್ಟೆ ಮೇಲೆ ಕೂತು ಓದುತ್ತಿದ್ದೆ. ಪಕ್ಕದಲ್ಲೇ ಹಿರಿಯರ ಪಗಡಿ ಆಟ ಜೋರಾಗಿ ನಡೆದಿತ್ತು. ನಮ್ಮ ಓಣಿಯ ಕಾಕಾ ಒಬ್ಬರು ತಮ್ಮ ಸರದಿ ಬರುವ ತನಕ ಸುಮ್ಮನೆ ಕೂರಲಾಗದೆ ಕೇಳಿದರು.

“ಏನ್ ತಮ್ಮಾ, ಇಷ್ಟು ದಪ್ಪ ಪುಸ್ತಕ? ಪರೀಕ್ಷಾ ಐತೇನು?”

“ಇಲ್ರಿ ಕಾಕಾ, ಕತಿ ಪುಸ್ತಕ. ಒಂದು ಆಟದಿಂದ ಹುಟ್ಟಿದ ಕತಿ.”

ಆಟ ಅಂದ ಮೇಲೆ ಕಾಕಾಗೆ ಕುತೂಹಲ. ಅಲ್ಲಿತನಕದ ಕತೆ ಹೇಳಿದೆ. ಗೋಲ್ಡ್‌ಮೂನ್ ಎಂಬಾಕೆ ತನ್ನ ದಿವ್ಯದಂಡದಿಂದ ಡ್ರ್ಯಾಗನ್ನನ್ನು ಹೊಡೆದು, ಅದರ ಜೊತೆ ತಾನೂ ನೀಲಿ ಬೆಂಕಿಯಲ್ಲಿ ಮರೆಯಾಗಿ, ಸ್ವಲ್ಪ ಹೊತ್ತಿಗೆ ಜೀವಂತ ಸಿಗುವ ಜಾಗಕ್ಕೆ ಬಂದಾಗ ಕಾಕಾ ತಡೆದರು.

“ಸತ್ತಾಕಿ ಎದ್ದು ಬರ್ತಾಳಂದ್ರ, ಆಕಿ ಮಾಡಿದ್ದು ಎಂಥಾ ಧೈರ್ಯಾನೋ?”

ಅಷ್ಟರಲ್ಲಿ ದಾಳ ಅವರ ಕೈಗೆ ಬಂತು, ಆ ಕಡೆ ತಿರುಗಿದರು. ನಾನು ಆ ಪ್ರಶ್ನೆಯನ್ನು ಬೆಂಗಳೂರಿನ ತನಕ ಹೊತ್ತು ತಂದೆ.

ಪುಸ್ತಕದ ಹೆಸರು ‘ಡ್ರ್ಯಾಗನ್ಸ್ ಆಫ್ ಆಟಮ್ ಟ್ವೈಲೈಟ್’. ಬರೆದವರು ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್, ಬಂದದ್ದು 1984ರಲ್ಲಿ. 1974ರಲ್ಲಿ ಶುರುವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕಾಗಿ ಕಟ್ಟಿದ ಲೋಕವೇ ಈ ಕಾದಂಬರಿಯ ಲೋಕವೂ. ಅದು ಗೊತ್ತಾಗಲು ಮುನ್ನುಡಿ ಓದಬೇಕಾಗಿಲ್ಲ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಕಂಡದ್ದನ್ನೆಲ್ಲ ಜೇಬಿಗಿಳಿಸುವ ಒಬ್ಬ, ಗೊಣಗುವ ಒಬ್ಬ ಕುಳ್ಳ: ಬ್ಯಾಟ್ಸ್‌ಮನ್ ಇಷ್ಟು, ಬೌಲರ್ ಇಷ್ಟು ಅಂತ ಟೀಮ್ ಆರಿಸಿದ ಹಾಗಿದೆ. ಒಂದು ಜಗಳ ಮುಗಿದರೆ ಇನ್ನೊಂದು. ಕೆಲವು ಪುಟಗಳಲ್ಲಿ ದಾಳ ಉರುಳುವ ಸದ್ದೇ ಕೇಳಿಸುತ್ತದೆ. ಆ ಆಟದ ಕೈಪಿಡಿಗಳಲ್ಲಿ ಆಟ ನಡೆಸುವವರಿಗೆ ಒಂದು ಸೂಚನೆಯೂ ಇತ್ತು. ಮುಖ್ಯ ಪಾತ್ರ ಸಾಯುವ ಹಾಗಾದರೆ ಹೆಣ ಸಿಗದಂತೆ ನೋಡಿಕೊಳ್ಳಿ, ಮುಂದೆ ಹೇಗಾದರೂ ವಾಪಸ್ ತರಬಹುದು. ಪಗಡಿಯಲ್ಲೂ ಅಷ್ಟೇ ತಾನೇ? ಹೊಡೆಸಿಕೊಂಡ ಕಾಯಿ ಮನೆಗೆ ಹೋಗಿ ಮತ್ತೆ ಹೊರಡುತ್ತದೆ.

ಆದರೂ ಕಾಕಾನ ಪ್ರಶ್ನೆಗೆ ಒಂದು ಉತ್ತರ ಇದೆ. ತಾನು ಎದ್ದು ಬರುತ್ತೇನೆಂದು ಗೋಲ್ಡ್‌ಮೂನ್‌ಗೆ ಗೊತ್ತಿರಲಿಲ್ಲ. ದಂಡ ಎತ್ತಿದ ಕ್ಷಣದಲ್ಲಿ ಅವಳ ಪಾಲಿಗೆ ಸಾವು ಸಾವೇ. ಆಮೇಲೆ ಏನಾಯಿತು ಅನ್ನೋದು ಅವಳ ಧೈರ್ಯವನ್ನು ಕಮ್ಮಿ ಮಾಡಲಾರದು. ಕಮ್ಮಿಯಾಗುವುದು ಓದುವ ನಮ್ಮ ಭಯ ಮಾತ್ರ. ನಿಜವಾದ ತೊಂದರೆ ಇರುವುದು, ಎಲ್ಲವನ್ನೂ ವಾಪಸ್ ತರಬಹುದು ಅಂತ ಮೊದಲೇ ಗೊತ್ತಿದ್ದು ಕೈ ಎತ್ತುವವರಲ್ಲಿ.

ಲೇಖಕರಿಗೂ ಇದರ ಅನುಮಾನ ಇತ್ತು ಅನ್ನಿಸುತ್ತದೆ. ಯಾಕೆಂದರೆ ಈ ಗುಂಪಿನಲ್ಲಿ ರೇಸ್ಟ್‌ಲಿನ್ ಎಂಬ ಮಂತ್ರವಾದಿ ಇದ್ದಾನೆ. ಅವನ ಕಣ್ಣಿನ ಪಾಪೆ ಮರಳು ಗಡಿಯಾರದ ಆಕಾರದ್ದು. ಯಾರನ್ನು ನೋಡಿದರೂ ಅವರು ಮುದಿಯಾಗಿ ಬಾಡುವುದೇ ಅವನಿಗೆ ಕಾಣುತ್ತದೆ. ಸತ್ತವರು ಎದ್ದು ಬರುವ ಕತೆಯಲ್ಲಿ, ಯಾವುದೂ ಹಿಂದಿರುಗುವುದಿಲ್ಲ ಅಂತ ಕಾಣುತ್ತಿರುವವನು ಅವನೊಬ್ಬನೇ. ಪುಸ್ತಕ ನನಗೆ ಹಿಡಿಸಿದ್ದೇ ಅವನಿಂದ. 1985ರ ಎರಡನೇ ಭಾಗದಲ್ಲಿ ಸ್ಟರ್ಮ್ ಎಂಬ ಯೋಧ ಕೋಟೆ ಗೋಡೆಯ ಮೇಲೆ ಒಬ್ಬನೇ ನಿಂತು ಸಾಯುತ್ತಾನೆ. (ಇನ್ನೂ ಓದದವರು ಕ್ಷಮಿಸಿ.) ಅವನು ಎದ್ದು ಬರುವುದಿಲ್ಲ. ಅಲ್ಲಿ ಕಾದಂಬರಿ ಆಟದ ಕೈ ಬಿಡುತ್ತದೆ, ದೊಡ್ಡದಾಗುತ್ತದೆ.

ಗದುಗಿನ ಕಡೆಯವರಿಗೆ ದಾಳದ ಕತೆ ಹೊಸದಲ್ಲ. ಕುಮಾರವ್ಯಾಸ ಭಾರತ ಬರೆದ ಎಂದು ಹೇಳುವ ವೀರನಾರಾಯಣನ ಗುಡಿ ಇರುವುದು ಗದಗಿನಲ್ಲೇ. ಆ ಕತೆಯಲ್ಲೂ ಒಂದು ರೀಸ್ಟಾರ್ಟ್ ಇದೆ, ನಾವು ಗಮನಿಸುವುದಿಲ್ಲ ಅಷ್ಟೇ. ಮೊದಲ ಜೂಜಿನಲ್ಲಿ ಧರ್ಮರಾಯ ಎಲ್ಲ ಸೋತ ಮೇಲೆ, ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟು, ಗಂಡಂದಿರನ್ನು ಬಿಡಿಸಿ, ರಾಜ್ಯವನ್ನೂ ಮರಳಿಸುತ್ತಾನೆ. ಲೆಕ್ಕದ ಪ್ರಕಾರ ಎಲ್ಲ ಮೊದಲಿನಂತೆ! ಆದರೆ ತುಂಬಿದ ಸಭೆಗೆ ಅವಳನ್ನು ಎಳೆದು ತಂದದ್ದು? ಅದನ್ನು ಯಾವ ವರದಿಂದ ಮರಳಿಸೋದು? ಧರ್ಮರಾಯ ಮತ್ತೆ ಕರೆದಾಗ ಮತ್ತೆ ದಾಳಕ್ಕೆ ಕೂತ. ಒಮ್ಮೆ ವಾಪಸ್ ಸಿಕ್ಕಿದ್ದರಿಂದಲೇ ಅಷ್ಟು ಸಲೀಸಾಗಿ ಕೂತನೇನೋ ಅಂತ ನನ್ನ ಗುಮಾನಿ.

ಇದನ್ನೆಲ್ಲ ಬರೆಯುತ್ತಿರುವುದಕ್ಕೆ ಕಾರಣ ಇದೆ. ನನ್ನದು ಸಾಫ್ಟ್‌ವೇರ್ ಕೆಲಸ. ತಪ್ಪಾದರೆ ರೋಲ್‌ಬ್ಯಾಕ್ ಮಾಡು ಅನ್ನೋದೇ ನಮ್ಮ ಧರ್ಮ. ಕೆಲವು ತಿಂಗಳ ಹಿಂದೆ ಒಂದು ರಾತ್ರಿ ರಿಲೀಸ್ ಕೆಟ್ಟಿತು. ದೊಡ್ಡವರೆಲ್ಲ ಇದ್ದ ಕಾಲ್‌ನಲ್ಲಿ “ಯಾರು ಮಾಡಿದ್ದು?” ಅಂದರು. ನಾನು ಟೀಮಿನ ಹೊಸ ಹುಡುಗಿಯ ಹೆಸರು ಹೇಳಿದೆ. ಕೋಡ್ ಅವಳದೇ. ಆದರೆ ಅದನ್ನು ಓದದೇ ಒಪ್ಪಿಗೆ ಕೊಟ್ಟವನು ನಾನು. ಈಗ ಹೇಳಿಬಿಡೋಣ, ಆಮೇಲೆ ಸರಿಮಾಡಿದರಾಯಿತು ಅಂತ ಮನಸ್ಸು ಆಗಲೇ ಲೆಕ್ಕ ಹಾಕಿತ್ತು. ಎರಡು ದಿನ ಬಿಟ್ಟು ನಿಜ ಬರೆದು ಎಲ್ಲರಿಗೂ ಮೇಲ್ ಕಳಿಸಿದೆ. ಅವಳ ರೇಟಿಂಗ್‌ಗೆ ಏನೂ ಆಗಲಿಲ್ಲ. “ಪರವಾಗಿಲ್ಲ ಸರ್” ಅಂದಳು.

ರಾಜ್ಯ ಮರಳಿತು. ಆದರೆ ಪ್ರತಿ ಮೀಟಿಂಗಲ್ಲೂ ಪ್ರಶ್ನೆ ಕೇಳುತ್ತಿದ್ದವಳು ಅವತ್ತಿನಿಂದ ಮ್ಯೂಟ್‌ನಲ್ಲೇ ಇರುತ್ತಾಳೆ.

ಆಟದ ಮೇಲೆ ನನಗೆ ಸಿಟ್ಟಿಲ್ಲ. ಸೋತು ಮತ್ತೆ ಶುರುಮಾಡುವ ಜಾಗ ಒಂದಾದರೂ ಇರಬೇಕು, ಇಲ್ಲದಿದ್ದರೆ ಕಲಿಯೋದು ಎಲ್ಲಿ? ಆ ಜಾಗದ ನಿಯಮವನ್ನು ಮನುಷ್ಯರ ಮೇಲೆ ತಂದದ್ದು ನನ್ನ ತಪ್ಪು. ಕ್ಷಮೆ ಕೇಳುವುದು ಬೇಕು, ಆದರೆ ಅದು ರೋಲ್‌ಬ್ಯಾಕ್ ಅಲ್ಲ. ಆದದ್ದು ಆಗಿಯೇ ಇರುತ್ತದೆ, ಅದರ ಜೊತೆಗೆ ಇನ್ನೊಂದು ಸೇರುತ್ತದೆ, ಅಷ್ಟೇ.

ಪುಸ್ತಕ ಓದಬಹುದಾ ಅಂದರೆ, ಓದಿ. ಜಗಳಗಳನ್ನು ಬೇಗ ದಾಟಿ, ರೇಸ್ಟ್‌ಲಿನ್ ಬಂದ ಕಡೆ ನಿಧಾನಿಸಿ.

ಕಳೆದ ವಾರ ಅದೇ ದೊಡ್ಡವರಿದ್ದ ಕಾಲ್‌ನಲ್ಲಿ, ಮೇಲ್‌ನಲ್ಲಿ ಬರೆದದ್ದನ್ನೇ ಬಾಯಿಬಿಟ್ಟು ಹೇಳಿದೆ. ಅವಳು ಕೇಳಿಸಿಕೊಂಡಳು. ಅನ್‌ಮ್ಯೂಟ್ ಆಗಲಿಲ್ಲ. ಆಗಲಿ ಅಂತ ಕಾಯಬಹುದು, ಆಗಲೇಬೇಕು ಅನ್ನುವ ಹಕ್ಕು ನನಗಿಲ್ಲ.