ಸೀಟು ಕೊಡಿಸುವವರು ಮತ್ತು ವಿಶ್ವಾಸಿಯ ಆತ್ಮಸಾಕ್ಷಿ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ತಿಂಗಳುಗಳಲ್ಲಿ ನಮ್ಮ ಪೇಟೆ ಪಟ್ಟಣಗಳಲ್ಲಿ ಒಂದು ವ್ಯಾಪಾರ ಭರದಿಂದ ನಡೆಯುತ್ತದೆ. ಸೀಟು ಖಾತ್ರಿ, ನೇರ ಪ್ರವೇಶ, ಉಚಿತ ಸಲಹೆ ಎಂಬ ಫಲಕಗಳು ಬಸ್ ನಿಲ್ದಾಣದ ಗೋಡೆಯಿಂದ ಪತ್ರಿಕೆಯ ಜಾಹೀರಾತಿನವರೆಗೆ ಎಲ್ಲೆಡೆ ಕಾಣುತ್ತವೆ. ವೈದ್ಯಕೀಯ ಸೀಟಿಗೆ ಮಾತ್ರವಲ್ಲ, ಎಲ್‌ಕೆಜಿ ಸೀಟಿಗೂ ಇಂದು ಮಧ್ಯವರ್ತಿಗಳಿದ್ದಾರೆ. ಮೂರು ವರ್ಷದ ಮಗುವಿಗೆ ಸಂದರ್ಶನದ ಉತ್ತರ ಕಲಿಸುವವರಿದ್ದಾರೆ, ತಂದೆ ತಾಯಿಗೆ ಶಾಲೆಯವರ ಮುಂದೆ ಹೇಗೆ ಮಾತನಾಡಬೇಕೆಂದು ತರಬೇತಿ ಕೊಡುವವರೂ ಇದ್ದಾರೆ. ಮಕ್ಕಳ ಭವಿಷ್ಯದ ಚಿಂತೆಯಲ್ಲಿರುವ ಮುಸ್ಲಿಮ್ ಕುಟುಂಬಗಳೂ ಇವರ ಬಾಗಿಲು ತಟ್ಟುತ್ತಿವೆ. ಹಾಗಾದರೆ ಇದರ ಬಗ್ಗೆ ನಮ್ಮ ಧರ್ಮ ಏನೆನ್ನುತ್ತದೆ? ಮಗುವಿಗೆ ಒಳ್ಳೆಯ ಶಾಲೆ ದೊರಕಿಸಲು ಹಣ ಕೊಟ್ಟು ಇನ್ನೊಬ್ಬರ ನೆರವು ಪಡೆಯುವುದು ತಪ್ಪೇ?

ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಸಲಹೆಗಾರ ಎಂಬ ಒಂದೇ ಹೆಸರಿನ ಹಿಂದೆ ಮೂರು ಬೇರೆ ಬೇರೆ ಕೆಲಸಗಳಿವೆ. ಒಬ್ಬನು ದಾರಿ ತೋರಿಸುತ್ತಾನೆ. ಅರ್ಜಿ ತುಂಬುವುದು ಹೇಗೆ, ಯಾವ ದಾಖಲೆ ಬೇಕು, ಕೊನೆಯ ದಿನ ಯಾವುದು, ಕೌನ್ಸೆಲಿಂಗ್‌ನಲ್ಲಿ ಯಾವ ಕಾಲೇಜನ್ನು ಮೊದಲು ಬರೆಯಬೇಕು ಎಂದು ತಿಳಿಸುತ್ತಾನೆ. ಇನ್ನೊಬ್ಬನು ಮಗುವಿಗೆ ವೇಷ ತೊಡಿಸುತ್ತಾನೆ. ಇಲ್ಲದ ಅರ್ಹತೆಯನ್ನು ಕಾಗದದ ಮೇಲೆ ಇದ್ದಂತೆ ತೋರಿಸುತ್ತಾನೆ. ಮೂರನೆಯವನು ತೀರ್ಪು ಕೊಡುವವನ ಕೈಯನ್ನೇ ಕೊಳ್ಳುತ್ತಾನೆ. ಮೊದಲನೆಯದು ನೆರವು, ಎರಡನೆಯದು ವಂಚನೆ, ಮೂರನೆಯದು ಲಂಚ. ಕಷ್ಟವೇನೆಂದರೆ, ಈ ಮೂವರೂ ಅನೇಕ ಸಲ ಒಂದೇ ಕಚೇರಿಯಲ್ಲಿ, ಒಂದೇ ಮೇಜಿನ ಹಿಂದೆ ಕುಳಿತಿರುತ್ತಾರೆ. ಮೊದಲನೆಯವನ ಬಳಿಗೆಂದು ಹೋದ ತಂದೆ ಮೂರನೆಯವನ ಕೈಗೆ ಹಣ ಕೊಟ್ಟು ಮರಳುತ್ತಾನೆ.

2019ರ ಮಾರ್ಚ್ ತಿಂಗಳಲ್ಲಿ ಅಮೇರಿಕದಲ್ಲಿ ಬೆಳಕಿಗೆ ಬಂದ ಪ್ರಕರಣ ಇದಕ್ಕೆ ಸ್ಪಷ್ಟ ಉದಾಹರಣೆ. ಕ್ಯಾಲಿಫೋರ್ನಿಯಾದ ವಿಲಿಯಂ ರಿಕ್ ಸಿಂಗರ್ ಎಂಬವನು ಕಾಲೇಜು ಪ್ರವೇಶದ ಸಲಹೆಗಾರನಾಗಿದ್ದ. ಸ್ವಂತ ಅರ್ಹತೆಯಿಂದ ಒಳಹೋಗುವುದು ಮುಂಬಾಗಿಲು, ಕಾಲೇಜಿಗೆ ಭಾರೀ ದೇಣಿಗೆ ಕೊಟ್ಟು ಹೋಗುವುದು ಹಿಂಬಾಗಿಲು, ತಾನು ತೆರೆದಿರುವುದು ಪಕ್ಕದ ಬಾಗಿಲು ಎಂದು ಅವನು ಶ್ರೀಮಂತ ತಂದೆ ತಾಯಿಗಳಿಗೆ ವಿವರಿಸುತ್ತಿದ್ದ. ಪರೀಕ್ಷಾ ಮೇಲ್ವಿಚಾರಕರಿಗೆ ಹಣ ಕೊಟ್ಟು ಉತ್ತರಗಳನ್ನು ತಿದ್ದಿಸುವುದು, ಆಟವನ್ನೇ ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸಲು ಚಿತ್ರಗಳನ್ನು ತಿರುಚುವುದು, ವಿಶ್ವವಿದ್ಯಾಲಯಗಳ ಕ್ರೀಡಾ ತರಬೇತುದಾರರಿಗೆ ಲಂಚ ಕೊಡುವುದು, ಇವೇ ಆ ಪಕ್ಕದ ಬಾಗಿಲು. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಕೊಡುವ ಹೆಚ್ಚಿನ ಸಮಯವನ್ನು ಕೂಡ ಸುಳ್ಳು ಹೇಳಿ ಪಡೆಯಲಾಯಿತು. ಇಷ್ಟಕ್ಕೂ ಹಣ ಸಂದಾಯವಾಗುತ್ತಿದ್ದುದು ಒಂದು ದತ್ತಿ ಸಂಸ್ಥೆಯ ಹೆಸರಿನಲ್ಲಿ. ಲಂಚಕ್ಕೆ ದಾನದ ರಸೀದಿ! ಅನೇಕ ತಂದೆ ತಾಯಿಗಳು ಜೈಲು ಕಂಡರು. ಸಿಂಗರ್‌ಗೆ 2023ರ ಜನವರಿಯಲ್ಲಿ ಮೂರೂವರೆ ವರ್ಷದ ಸೆರೆವಾಸದ ಶಿಕ್ಷೆಯಾಯಿತು.

ಆ ಪ್ರಕರಣದಲ್ಲಿ ಶಿಕ್ಷೆಗೊಳಗಾದ ನಟಿ ಫೆಲಿಸಿಟಿ ಹಫ್‌ಮನ್ ಮಗಳ ಪರೀಕ್ಷೆಯ ಅಂಕ ತಿದ್ದಿಸಲು 15,000 ಡಾಲರ್ ಕೊಟ್ಟಿದ್ದರು. ವಿಷಯ ಬಯಲಾದಾಗ ಮಗಳು, ನಿನಗೆ ನನ್ನ ಮೇಲೆ ನಂಬಿಕೆ ಏಕಿರಲಿಲ್ಲ ಎಂದು ಕೇಳಿದಳೆಂದು ಆ ತಾಯಿಯೇ ನ್ಯಾಯಾಧೀಶರಿಗೆ ಬರೆದ ಪತ್ರದಲ್ಲಿ ತಿಳಿಸಿದರು. ನ್ಯಾಯಾಲಯವು ವಿಧಿಸಿದ್ದು 14 ದಿನಗಳ ಸೆರೆವಾಸ. ಮಗಳ ಆ ಪ್ರಶ್ನೆ ಎಷ್ಟು ದಿನ ಉಳಿಯುವುದೋ ಅಲ್ಲಾಹನೇ ಬಲ್ಲ.

ಇದು ದೂರದ ದೇಶದ ಶ್ರೀಮಂತರ ಕತೆಯೆಂದು ನಾವು ನಿರಾಳವಾಗಿರುವಂತಿಲ್ಲ. ಡೊನೇಷನ್ ಎಂಬ ಪದಕ್ಕೆ ದಾನವೆಂಬ ಅರ್ಥವೇ ಕಳೆದುಹೋದ ನಾಡು ನಮ್ಮದು. ವಂತಿಗೆಯನ್ನು ನಿಷೇಧಿಸಿ ಕರ್ನಾಟಕ ಸರಕಾರ ಕಾಯಿದೆ ಮಾಡಿದ್ದು 1984ರಲ್ಲಿ. ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಂತಿಗೆ ವಸೂಲಿಯನ್ನು ಸಂವಿಧಾನಬಾಹಿರವೆಂದದ್ದು 1992ರಲ್ಲಿ. ವೃತ್ತಿ ಶಿಕ್ಷಣದ ಸೀಟುಗಳಿಗೆ ರಾಜ್ಯದಲ್ಲಿ ಸಿಇಟಿ ಬಂದದ್ದು 1994ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಮು ವಂತಿಗೆಯನ್ನು ಮಾತ್ರವಲ್ಲ, ಶಾಲೆಗೆ ಸೇರುವ ಮಗುವನ್ನಾಗಲಿ ಹೆತ್ತವರನ್ನಾಗಲಿ ಸಂದರ್ಶಿಸಿ ಆಯ್ಕೆ ಮಾಡುವುದನ್ನೂ ನಿಷೇಧಿಸಿದೆ. ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೆ ಕಾನೂನು ಬಿಟ್ಟುಕೊಟ್ಟದ್ದನ್ನೆಲ್ಲ ಧರ್ಮವೂ ಬಿಟ್ಟುಕೊಡುತ್ತದೆಯೇ? ನಮ್ಮ ಸಮುದಾಯದ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿರುವ ಹಿರಿಯರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 188ನೇ ವಚನವು ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನು ತಡೆಯುವುದರ ಜೊತೆಗೆ, ಆ ಉದ್ದೇಶದಿಂದ ಅಧಿಕಾರಿಗಳ ಮುಂದೆ ಹಣ ಒಡ್ಡುವುದನ್ನೂ ತಡೆದಿದೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆಂದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿದೆ. ಕೊಡುಗೆಯ ಹೆಸರಿನ ಹಿಂದೆ ಅಡಗುವವರಿಗೂ ಅವರ ಮಾತಿನಲ್ಲಿ ಉತ್ತರವಿದೆ. ಝಕಾತ್ ಸಂಗ್ರಹಿಸಲು ಹೋದ ಇಬ್ನುಲ್ಲುತ್‌ಬಿಯ್ಯ ಎಂಬವರು ಮರಳಿ ಬಂದು, ಇಷ್ಟು ನಿಮಗೆ, ಇಷ್ಟು ನನಗೆ ಸಿಕ್ಕಿದ ಉಡುಗೊರೆ ಎಂದರು. ಪ್ರವಾದಿವರ್ಯರು(ಸ) ಮಿಂಬರ್ ಏರಿ, ಈತನು ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂದು ಪ್ರಶ್ನಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಘಟನೆಯಿದೆ. ಶಾಲೆಯ ಕಟ್ಟಡ ನಿಧಿಗೆಂದು ಕೊಡುವ ಹಣಕ್ಕೂ ಇದೇ ಅಳತೆಗೋಲು. ನಿಮ್ಮ ಮಗುವಿನ ಅರ್ಜಿ ಆ ಮೇಜಿನ ಮೇಲಿಲ್ಲದಿದ್ದರೆ ನೀವು ಆ ದಾನ ಮಾಡುತ್ತಿದ್ದಿರೇ? ಇಲ್ಲವೆಂದಾದರೆ ಅದು ದಾನವಲ್ಲ, ಬೆಲೆ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ವ್ಯವಸ್ಥೆಯೇ ಕೆಟ್ಟಿದೆ, ಎಲ್ಲರೂ ಕೊಡುತ್ತಿದ್ದಾರೆ, ನಾನೊಬ್ಬ ಪ್ರಾಮಾಣಿಕನಾದರೆ ಬಲಿಯಾಗುವುದು ನನ್ನ ಮಗು ತಾನೇ, ನನ್ನ ಆದರ್ಶಕ್ಕೆ ಮಗು ಏಕೆ ದಂಡ ತೆರಬೇಕು ಎಂದು ಕೇಳುವ ತಂದೆಯ ನೋವು ಸುಳ್ಳಲ್ಲ. ತನಗೆ ಸಲ್ಲಲೇಬೇಕಾದ ಹಕ್ಕನ್ನು ಅಧಿಕಾರಿ ತಡೆಹಿಡಿದಾಗ, ಬೇರಾವ ದಾರಿಯೂ ಇಲ್ಲದ ಪಕ್ಷದಲ್ಲಿ, ಅದನ್ನು ಬಿಡಿಸಿಕೊಳ್ಳಲು ಕೊಟ್ಟ ಹಣದ ಪಾಪ ಪಡೆದವನ ಮೇಲಿರುತ್ತದೆಯೇ ಹೊರತು ಕೊಟ್ಟವನ ಮೇಲಲ್ಲ ಎಂದು ಹೇಳಿದ ಧರ್ಮವಿದ್ವಾಂಸರು ಅನೇಕರಿದ್ದಾರೆ. ಸೀಟಿಗೂ ಈ ರಿಯಾಯಿತಿ ಅನ್ವಯಿಸುವುದೆಂದು ಕೆಲವರು ಭಾವಿಸುತ್ತಾರೆ.

ಆದರೆ ಆ ರಿಯಾಯಿತಿ ನಿಂತಿರುವುದು ಒಂದು ಷರತ್ತಿನ ಮೇಲೆ. ಹಕ್ಕು ಮೊದಲೇ ತನ್ನದಾಗಿ ಸಾಬೀತಾಗಿರಬೇಕು. ಯಾದಿಯಲ್ಲಿ ಹೆಸರು ಬಂದ ಮೇಲೂ ಪ್ರವೇಶ ಪತ್ರ ಕೊಡದೆ ಸತಾಯಿಸುವ ಗುಮಾಸ್ತನ ಪ್ರಶ್ನೆ ಬೇರೆ. ಹತ್ತು ಸೀಟಿಗೆ ನೂರು ಮಕ್ಕಳು ಅರ್ಜಿ ಹಾಕಿರುವಾಗ ಅದು ಇನ್ನೂ ಯಾರ ಹಕ್ಕೂ ಅಲ್ಲ. ಅಲ್ಲಿ ಹಣ ಕೊಡುವವನು ತನ್ನ ಹಕ್ಕನ್ನು ಬಿಡಿಸಿಕೊಳ್ಳುತ್ತಿಲ್ಲ, ಇನ್ನೊಂದು ಮಗುವಿನ ಅವಕಾಶವನ್ನು ಕೊಳ್ಳುತ್ತಿದ್ದಾನೆ. ಆ ಮಗುವಿನ ಮುಖವನ್ನು ಅವನು ನೋಡಿಲ್ಲ, ಹೆಸರನ್ನೂ ಕೇಳಿಲ್ಲ. ಹಾಗೆಂದು ಆ ಮಗು ಇಲ್ಲವೆಂದಲ್ಲ.

ಈ ಅನ್ಯಾಯದ ಭೀಕರತೆ ಇರುವುದೂ ಅಲ್ಲಿಯೇ. ಅಲ್ಲಾಹನ ಹಕ್ಕಿನಲ್ಲಿ ಮಾಡಿದ ಲೋಪವನ್ನು ತೌಬಾದಿಂದ ಸರಿಪಡಿಸಿಕೊಳ್ಳಬಹುದು. ಮನುಷ್ಯರ ಹಕ್ಕಿನ ವಿಷಯದಲ್ಲಿ ಕಸಿದದ್ದನ್ನು ಮರಳಿಸಬೇಕು, ಇಲ್ಲವೇ ಕ್ಷಮೆ ಕೇಳಬೇಕು. ಹೆಸರು ಗೊತ್ತಿಲ್ಲದ ಮಗುವಿಗೆ ಸೀಟು ಮರಳಿಸುವುದು ಹೇಗೆ? ಎಲ್ಲಿ ಹೋಗಿ ಕ್ಷಮೆ ಕೇಳುವುದು? ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಪರಲೋಕಕ್ಕೆ ಬಂದು, ಇತರರ ಮೇಲೆ ಮಾಡಿದ ಅನ್ಯಾಯಕ್ಕೆ ಪರಿಹಾರವಾಗಿ ಅವನ್ನೆಲ್ಲ ಕಳೆದುಕೊಳ್ಳುವವನೇ ನಿಜವಾದ ದಿವಾಳಿಯೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಎರಡನೆಯ ಬಗೆಯ ಸಲಹೆಗಾರ, ಅಂದರೆ ವೇಷ ತೊಡಿಸುವವನ ವಿಷಯದಲ್ಲಿ ನಾವು ಇನ್ನಷ್ಟು ಉದಾಸೀನರಾಗಿದ್ದೇವೆ. ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳ ಆರಂಭದ ತರಗತಿಯ ಶೇಕಡಾ 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆಂದು ಮೀಸಲಿಟ್ಟಿತು. ಅಂತಹ ಸೀಟಿಗಾಗಿ ಸುಳ್ಳು ಆದಾಯ ಪ್ರಮಾಣಪತ್ರವನ್ನೋ ಬಾಡಿಗೆ ವಿಳಾಸವನ್ನೋ ಮಾಡಿಸಿಕೊಡುವ ದಲ್ಲಾಳಿಯ ಬಳಿ ಹೋಗುವ ತಂದೆ ಏನು ಮಾಡುತ್ತಿದ್ದಾನೆ? ಸರಕಾರವನ್ನು ವಂಚಿಸಿದೆನೆಂದು ಅವನು ತಿಳಿಯಬಹುದು. ವಾಸ್ತವದಲ್ಲಿ ಅವನು ವಂಚಿಸಿದ್ದು ತನ್ನದೇ ಮೊಹಲ್ಲಾದ ಬೀಡಿ ಕಟ್ಟುವ ವಿಧವೆಯ ಮಗುವನ್ನು. ಅಮೇರಿಕದ ಶ್ರೀಮಂತನು ಕಲಿಕೆಯ ತೊಂದರೆಯಿರುವ ಮಗುವಿನ ಸೌಲಭ್ಯ ಕದ್ದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಈ ವೇಷವನ್ನು ತೊಡುವುದು ಮಗು. ಸಂದರ್ಶನದಲ್ಲಿ, ಮನೆಯಲ್ಲಿ ಯಾವ ಭಾಷೆ ಮಾತನಾಡುತ್ತೀರೆಂದು ಕೇಳಿದರೆ ಇಂಗ್ಲಿಷ್ ಎಂದು ಹೇಳು ಮಗಾ ಎಂದು ಕಲಿಸುವ ತಾಯಿ, ಮಗುವಿಗೆ ಮೊದಲ ಪಾಠವಾಗಿ ಸುಳ್ಳನ್ನು ಕಲಿಸುತ್ತಿದ್ದಾಳೆ. ಅಬ್ದುಲ್ಲಾ ಬಿನ್ ಆಮಿರ್(ರ) ಚಿಕ್ಕವರಿದ್ದಾಗ ತಾಯಿ ಅವರನ್ನು, ಬಾ, ಏನೋ ಕೊಡುತ್ತೇನೆ ಎಂದು ಕರೆದರು. ಅಲ್ಲಿದ್ದ ಪ್ರವಾದಿ(ಸ), ಏನು ಕೊಡುವಿರಿ ಎಂದು ವಿಚಾರಿಸಿದರು. ಖರ್ಜೂರ ಎಂದರು ತಾಯಿ. ಏನೂ ಕೊಡದೇ ಇದ್ದಿದ್ದರೆ ಅದು ನಿಮ್ಮ ಮೇಲೆ ಒಂದು ಸುಳ್ಳಾಗಿ ದಾಖಲಾಗುತ್ತಿತ್ತೆಂದು ಪ್ರವಾದಿ(ಸ) ಎಚ್ಚರಿಸಿದರು. ಒಂದು ಖರ್ಜೂರದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದರೆ, ಮಗುವಿನ ಬಾಯಿಂದಲೇ ಸುಳ್ಳು ಹೇಳಿಸಿ ಪಡೆದ ಸೀಟಿನ ಗತಿ ಏನು?

ಹಾಗಾದರೆ ಮೊದಲನೆಯ ಬಗೆಯ ಸಲಹೆಗಾರ, ಕೇವಲ ದಾರಿ ತೋರಿಸುವವನು? ಅವನಿಗೆ ಕೂಲಿ ಕೊಡುವುದರಲ್ಲಿ ತಪ್ಪಿಲ್ಲ. ದಲ್ಲಾಳಿಯ ಕೂಲಿಯನ್ನು ಇಬ್ನು ಸೀರೀನ್, ಅತಾ, ಹಸನ್ ಮುಂತಾದ ಆರಂಭ ಕಾಲದ ವಿದ್ವಾಂಸರು ದೋಷವೆಂದು ಕಾಣಲಿಲ್ಲವೆಂದು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಆದರೆ ಅದೇ ಬುಖಾರಿಯಲ್ಲಿ ಇನ್ನೊಂದು ಹದೀಸ್ ಇದೆ. ಹಳ್ಳಿಗಾಡಿನವನ ಪರವಾಗಿ ಪಟ್ಟಣಿಗನು ಮಾರಾಟ ಮಾಡಬಾರದೆಂದು ಪ್ರವಾದಿ(ಸ) ತಡೆದರು. ಅದರ ಅರ್ಥವೇನೆಂದು ಕೇಳಿದಾಗ ಇಬ್ನು ಅಬ್ಬಾಸ್(ರ), ಅವನ ದಲ್ಲಾಳಿಯಾಗಬಾರದು ಎಂದು ವಿವರಿಸಿದರು. ಪಟ್ಟಣದ ರೀತಿನೀತಿ ಬಲ್ಲವನು ಆ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ನಡುವೆ ನಿಂತರೆ ಬೆಲೆಯೇರಿ ಜನರಿಗೆ ತೊಂದರೆಯಾಗುತ್ತದೆ. ಹಾಗಾದರೆ ಕೂಲಿ ಪಡೆಯದೆ ನೆರವಾಗಬಹುದೇ, ಸಲಹೆ ಕೊಡಬಹುದೇ ಎಂಬ ಪ್ರಶ್ನೆಯನ್ನು ಇಮಾಮ್ ಬುಖಾರಿ ಆ ಅಧ್ಯಾಯದ ಶೀರ್ಷಿಕೆಯಲ್ಲೇ ಎತ್ತಿ, ಸಹೋದರನು ಸಲಹೆ ಕೇಳಿದರೆ ಹಿತ ಹೇಳಬೇಕೆಂಬ ಪ್ರವಾದಿ ವಚನವನ್ನು ಅಲ್ಲಿ ಜೋಡಿಸಿದ್ದಾರೆ.

ನಮ್ಮ ಸಮುದಾಯಕ್ಕೆ ಬೇಕಾದ ಪಾಠ ಇಲ್ಲಿದೆ. ದಲ್ಲಾಳಿ ಬೆಳೆಯುವುದು ನಮ್ಮ ಅಜ್ಞಾನದ ಮೇಲೆ. ಎಂಬಿಬಿಎಸ್‌ಗೆ ನೀಟ್ ಕಡ್ಡಾಯ, ಖಾಸಗಿ ಕಾಲೇಜಿನ ಸೀಟೂ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗಬೇಕು ಎಂಬುದು ಗೊತ್ತಿದ್ದರೆ, ಅದರ ಹೊರಗೆ ಸೀಟು ಕೊಡಿಸುತ್ತೇನೆನ್ನುವವನ ಮಾತು ಮೋಸವೆಂದು ತಂದೆಗೆ ಆ ಕ್ಷಣವೇ ಅರ್ಥವಾಗುತ್ತಿತ್ತು. ಕಾನೂನು ಒಪ್ಪಿದ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ನಿಗದಿತ ಶುಲ್ಕವನ್ನು ರಸೀದಿ ಪಡೆದು ಕಟ್ಟುವುದು ಬೇರೆ, ರಸೀದಿಯಿಲ್ಲದ ಹಣವನ್ನು ಚೀಲದಲ್ಲಿ ಒಯ್ಯುವುದು ಬೇರೆ ಎಂಬುದೂ ತಿಳಿಯುತ್ತಿತ್ತು. ಜನರಿಗೆ ತಿಳಿಯಬಾರದೆಂದು ನೀನು ಬಯಸುವ, ನಿನ್ನ ಎದೆಯಲ್ಲಿ ಚುಚ್ಚುವ ವಿಷಯವೇ ಪಾಪ ಎಂಬ ಪ್ರವಾದಿ ಬೋಧನೆಗಿಂತ ಸರಳವಾದ ಪರೀಕ್ಷೆ ಬೇರೆ ಬೇಕೇ?

ಈ ಅಜ್ಞಾನವನ್ನು ಹೋಗಲಾಡಿಸಲು ಕೋಟಿ ರೂಪಾಯಿ ಬೇಕಿಲ್ಲ. ಪ್ರತಿಯೊಂದು ಜಮಾಅತ್‌ನಲ್ಲೂ ಇಂದು ಪದವೀಧರರಿದ್ದಾರೆ. ಸಿಇಟಿ ಬರೆದು, ಕೌನ್ಸೆಲಿಂಗ್ ಕಂಡು ಬಂದ ಯುವಕ ಯುವತಿಯರಿದ್ದಾರೆ. ಫಲಿತಾಂಶದ ನಂತರದ ಕೆಲವು ವಾರ ಮಸೀದಿಯ ಪಕ್ಕದ ಮದ್ರಸದ ಕೋಣೆಯಲ್ಲಿ ಸಂಜೆ ಎರಡು ಗಂಟೆ ಕುಳಿತು ಅರ್ಜಿ ತುಂಬಲು, ವಿದ್ಯಾರ್ಥಿವೇತನದ ದಾಖಲೆ ಹೊಂದಿಸಲು ಅವರು ನೆರವಾದರೆ ಸಾಕು, ಅದೆಷ್ಟೋ ಕುಟುಂಬಗಳು ದಲ್ಲಾಳಿಯ ಮೆಟ್ಟಿಲು ಹತ್ತಲಾರವು. ಆ ಕೋಣೆಗೆ ನೆರೆಯ ಹಿಂದೂ, ಕ್ರೈಸ್ತ ಮಕ್ಕಳೂ ಬರಲಿ. ಅನ್ನಿಸಾ ಅಧ್ಯಾಯದ 85ನೇ ವಚನವು ಸತ್ಕಾರ್ಯಕ್ಕೆ ಶಿಫಾರಸು ಮಾಡಿದವನಿಗೆ ಅದರ ಪಾಲು, ಕೆಡುಕಿಗೆ ಶಿಫಾರಸು ಮಾಡಿದವನಿಗೆ ಅದರ ಪಾಲು ಸಿಗುವುದೆಂದು ತಿಳಿಸಿದೆ. ಯಾವ ಪಾಲು ಬೇಕೆಂಬುದು ನಮ್ಮ ಆಯ್ಕೆ.

ಇಷ್ಟೆಲ್ಲ ಆದ ಮೇಲೂ ಪ್ರಾಮಾಣಿಕ ತಂದೆಯ ಮಗುವಿಗೆ ಸೀಟು ಸಿಗದಿರಬಹುದು. ಅದನ್ನು ಮುಚ್ಚಿಡಬೇಕಾಗಿಲ್ಲ. ಸಾಮಾನ್ಯ ಶಾಲೆಗೆ ಹೋಗುವ ಮಗುವಿಗೆ ನಷ್ಟವಾದೀತು. ಆದರೆ ಆ ಮಗುವಿನ ಬಳಿ ಒಂದು ಆಸ್ತಿಯಿರುತ್ತದೆ. ನನ್ನ ತಂದೆ ನನ್ನನ್ನು ನಂಬಿದರು, ನನಗಾಗಿ ಯಾರ ಹಕ್ಕನ್ನೂ ಕಸಿಯಲಿಲ್ಲ ಎಂಬ ಅರಿವು ಅದು. ಲುಕ್ಮಾನರು ಮಗನಿಗೆ ಮಾಡಿದ ಉಪದೇಶದಲ್ಲಿ, ಸಾಸಿವೆ ಕಾಳಿನಷ್ಟು ಕರ್ಮವು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನೆಂಬ ಎಚ್ಚರಿಕೆಯಿದೆ. ಮಗನಿಗೆ ಆ ಮಾತನ್ನು ತಲೆಯೆತ್ತಿ ಹೇಳಬಲ್ಲ ತಂದೆಯಾಗುವುದು ಯಾವುದೇ ದೊಡ್ಡ ಶಾಲೆಯ ಸೀಟಿಗಿಂತ ಕಡಿಮೆಯದಲ್ಲ. ಮಕ್ಕಳ ಮೇಲಿನ ಪ್ರೀತಿ ನಮ್ಮನ್ನು ಅನ್ಯಾಯದ ಬಾಗಿಲಿಗೆ ಕೊಂಡೊಯ್ಯದಿರಲಿ, ಅವರ ವಿದ್ಯೆಯಲ್ಲೂ ಅನ್ನದಲ್ಲೂ ಅಲ್ಲಾಹನು ಬರಕತ್ ನೀಡಲಿ. ಆಮೀನ್.