ಬೀಸುಕಲ್ಲಿನ ಎದುರು ಅಜ್ಜಿ

ಕಳೆದ ತಿಂಗಳು ಅಜ್ಜಿಯನ್ನು ರಾಮನಗರದ ಬಳಿಯ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಿದ್ದೆ. ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ಸುತ್ತಿ ಸಾಮಾನು ಕೂಡಿಸಿ, 1994ರಲ್ಲಿ ನಾಡಿಗೆ ತೆರೆದಿಟ್ಟ ಜಾಗ ಅದು. ಬೀಸುವ ಪದಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ ಹಳೆಯ ಪರಿಚಯ. ಅಜ್ಜಿಗೆ ಅದೇ ಮೊದಲು.

ಲೋಕಮಾತಾ ಮಂದಿರದಲ್ಲಿ ಒರಳು, ಒನಕೆ, ಮೊರಗಳನ್ನು ನೋಡುತ್ತಾ ಬಂದವಳು ಬೀಸುಕಲ್ಲಿನ ಎದುರು ನಿಂತಳು. ಒಂದು ಹಾಡಾದರೂ ನೆನಪಾದೀತೆಂದು ನಾನು ಫೋನಿನ ರೆಕಾರ್ಡರ್ ಒತ್ತಿದೆ. ಅವಳು ಹಾಡಲಿಲ್ಲ. ತನ್ನ ಅಂಗೈ ನೋಡಿಕೊಂಡು, "ಕೋಳಿ ಕೂಗೋಕ್ ಮುಂಚೆ ಎದ್ದು ರಾಗಿ ಬೀಸ್ಬೇಕಿತ್ತು ಕಣ್ ಮಗ. ಮಿಲ್ಲು ಬಂತು, ಬದುಕ್ಕಂಡೊ" ಎಂದಳು.

ಹಿಟ್ಟಿನ ಗಿರಣಿ ಬಂದು ಒಂದು ಹಾಡಿನ ಪರಂಪರೆಯೇ ನಾಶವಾಯಿತು ಎಂಬುದು ನನ್ನ ಸಂಶೋಧನೆಯ ಮೊದಲ ಸಾಲು. ನಾನು ನಷ್ಟವೆಂದು ಬರೆದದ್ದು ಅವಳಿಗೆ ಬಿಡುಗಡೆ. ಇನ್ನೊಬ್ಬರ ದಣಿವಿನಲ್ಲಿ ಹುಟ್ಟಿದ ಚೆಲುವು ಅಳಿಯಿತೆಂದು ದುಃಖಪಡುವ ಹಕ್ಕು, ಆ ದಣಿವನ್ನೇ ಅರಿಯದ ನನಗಿದೆಯೇ?

ಹಾಗೆಂದು ಹಾಡನ್ನು ತಳ್ಳಿಹಾಕಲೂ ಆಗದು. ತವರಿನ ಹಂಬಲ, ಅತ್ತೆಮನೆಯ ನೋವು, ಹಡೆದ ಕೂಸಿನ ಮುದ್ದು ಹೀಗೆ ಯಾರೆದುರೂ ಆಡಲಾಗದ್ದನ್ನು ಹೆಂಗಸರು ಕಲ್ಲಿನ ಮುಂದೆ ಆಡಿಕೊಂಡರು. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸದಿದ್ದರೆ ಅಂಥ ಎಷ್ಟೋ ದನಿಗಳು ನಮ್ಮವರೆಗೆ ಬರುತ್ತಲೇ ಇರಲಿಲ್ಲ. ಉಳಿಸಿದವರಿಗೆ ನಾವು ಋಣಿಗಳು.

ತೊಡಕಿರುವುದು ನಾವು ನೋಡುವ ರೀತಿಯಲ್ಲಿ. ಸಂಗ್ರಹಾಲಯದ ಬೀಸುಕಲ್ಲು ತಿರುಗುವುದಿಲ್ಲ. ನಿಂತ ಕಲ್ಲು ಚೆಂದ ಕಾಣುತ್ತದೆ, ತಿರುಗಿಸಿದ ತೋಳಿನ ನೋವು ಅದರಲ್ಲಿ ಕಾಣದು. ಅದನ್ನು ನೆನಪಿಸಿಕೊಳ್ಳಬೇಕಾದದ್ದು ನೋಡಲು ಹೋದವರ ಕೆಲಸ. "ಎಂಥಾ ಕಾಲ ಅದು!" ಎಂದು ನಿಟ್ಟುಸಿರು ಬಿಡುವ ಮೊದಲು, ಆ ಕಾಲವನ್ನು ಬಾಳಿದವರಿಗೆ ಅದು ಮತ್ತೆ ಬೇಕೇ ಎಂದು ಕೇಳುವಷ್ಟು ಸೌಜನ್ಯವಾದರೂ ನಮಗಿರಬೇಕು. ಅದರಲ್ಲೂ ಅವರ ಹಾಡಿನಿಂದ ಪದವಿ ಪಡೆಯಲು ಹೊರಟ ನನ್ನಂಥವರಿಗೆ.

ಬಸ್ಸಿನಲ್ಲಿ ಕೇಳಿದೆ: "ಹಾಡೆಲ್ಲ ಮರೆತೋಯ್ತಾ ಅಜ್ಜಿ?"

"ಹಾಡೇನೋ ಅದೆ. ಕಲ್ ಮಾತ್ರ ಬ್ಯಾಡ."

ಕಲ್ಲಿಲ್ಲದೆ ಹಾಡಿಲ್ಲ ಎಂದು ನಾನೇ ಎರಡು ವರ್ಷದಿಂದ ನಂಬಿಕೊಂಡು ಬಂದಿದ್ದೆ. ಆ ಮೊದಲ ಸಾಲನ್ನು ಹೊಡೆದುಹಾಕಿ ಅಜ್ಜಿಯ ಮಾತನ್ನು ಬರೆದಿದ್ದೇನೆ. ಮಾರ್ಗದರ್ಶಕರು ಒಪ್ಪುತ್ತಾರೋ ಇಲ್ಲವೋ, ನೋಡಬೇಕು.